ಜೀರ್ಣವಾದದ್ದು ಯಾವುದು?

ಮನೆಯಲ್ಲಿ ಒಂದು ವಸ್ತುವಿದೆ. ಅದು ಇನ್ನೂ ಕೆಲಸ ಮಾಡುತ್ತಿದೆ. ಅದಕ್ಕಿಂತ ಉತ್ತಮವಾದ ಇನ್ನೊಂದು ಪೇಟೆಗೆ ಬಂದಿದೆ. ಕೊಳ್ಳುವ ಶಕ್ತಿಯೂ ಇದೆ. ಹೀಗಿರುವಾಗ ಹಳೆಯದನ್ನು ಬಿಟ್ಟು ಹೊಸದನ್ನು ತರುವುದು ಯುಕ್ತವೇ, ಅಯುಕ್ತವೇ? ಮೇಲುನೋಟಕ್ಕೆ ಇದು ವಿಚಾರಕ್ಕೆ ಅರ್ಹವಾದ ಪ್ರಶ್ನೆಯೇ ಅಲ್ಲವೆಂದು ತೋರಬಹುದು. "ಹಣವಿದ್ದವನು ಕೊಳ್ಳುತ್ತಾನೆ, ಇಲ್ಲದವನು ಸುಮ್ಮನಿರುತ್ತಾನೆ, ಇದರಲ್ಲಿ ಧರ್ಮಾಧರ್ಮಗಳ ಮಾತೇನು?" ಎಂದು ಕೇಳುವವರಿದ್ದಾರೆ. ಆದರೆ ದಸರಾ ದೀಪಾವಳಿಗಳ ಕಾಲದಲ್ಲಿ ಅಂಗಡಿಗಳವರು ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರೆಂದು ಕರೆಯತೊಡಗಿದಾಗ, ಎಷ್ಟೋ ಮನೆಗಳಲ್ಲಿ ತಂದೆಮಕ್ಕಳ ನಡುವೆ, ಪತಿಪತ್ನಿಯರ ನಡುವೆ ಈ ಒಂದು ಪ್ರಶ್ನೆಯೇ ಮನಸ್ತಾಪಕ್ಕೆ ಕಾರಣವಾಗುವುದನ್ನು ಕಾಣುತ್ತಿದ್ದೇವೆ. ಆದ್ದರಿಂದ ಇದನ್ನು ಸ್ವಲ್ಪ ವಿಚಾರಿಸುವುದು ಅನುಚಿತವಾಗಲಾರದು.

ಉದಾಹರಣೆಗೆ ಟ್ಯಾಬ್ಲೆಟ್ ಎಂಬ ಕೈಗಣಕವನ್ನೇ ತೆಗೆದುಕೊಳ್ಳೋಣ. (ಮಾತ್ರೆಗೂ ಇದಕ್ಕೂ ಒಂದೇ ಹೆಸರಾದ್ದರಿಂದ "ಊಟಕ್ಕೆ ಮೊದಲೋ, ಆಮೇಲೋ?" ಎಂದು ವಿನೋದಪಡುವ ಹಿರಿಯರು ನಮ್ಮ ಕೇರಿಯಲ್ಲಿದ್ದಾರೆ.) ಇದು ಈಗ ನಮ್ಮ ಅನೇಕ ಮನೆಗಳನ್ನು ಹೊಕ್ಕಿದೆ. ೨೦೨೦ರಲ್ಲಿ ಮಹಾಮಾರಿಯ ನಿಮಿತ್ತ ದೇವಸ್ಥಾನಗಳೂ ಶಾಲೆಗಳೂ ಮುಚ್ಚಿದಾಗ ಪ್ರವಚನಗಳೂ ಪಾಠಗಳೂ ಇಂಥ ಯಂತ್ರಗಳ ಮೂಲಕವೇ ಮನೆಗೆ ಬಂದವು. ದೃಷ್ಟಿ ಮಂದವಾದ ವೃದ್ಧರು ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿಕೊಂಡು ಪಾರಾಯಣ ಮಾಡುತ್ತಾರೆ. ಇದು ಭೋಗವಸ್ತುವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ.

ಪಾಠಶಾಲೆಯಲ್ಲಿ ಯಾವ ಗ್ರಂಥವನ್ನು ಆರಂಭಿಸುವಾಗಲೂ ನಾಲ್ಕು ಸಂಗತಿಗಳನ್ನು ಮೊದಲು ನಿರ್ಣಯಿಸಿಕೊಳ್ಳುವ ಪದ್ಧತಿಯುಂಟು: ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ. ಅಂಗಡಿಯವನು ವಿಷಯವೊಂದನ್ನೇ ಹೇಳುತ್ತಾನೆ. ಎಷ್ಟು ವೇಗ, ಎಷ್ಟು ತೆಳುವು, ಎಂತಹ ಕ್ಯಾಮರಾ ಎಂಬುದನ್ನು ಕಂಠಪಾಠ ಒಪ್ಪಿಸುತ್ತಾನೆ. ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆಗಳನ್ನು ಅವನು ಎತ್ತುವುದಿಲ್ಲ. ಎತ್ತಿದರೆ ಅರ್ಧ ವ್ಯಾಪಾರ ನಿಂತುಹೋದೀತು. ಅವನ್ನು ಕೇಳಿಕೊಳ್ಳಬೇಕಾದವರು ನಾವು.

ಇನ್ನು ಹಳೆಯದಾಗುವುದೆಂದರೇನು ಎಂಬುದು ವಿಚಾರಣೀಯ. ನಮ್ಮ ಅಡುಗೆಮನೆಗಳಲ್ಲಿ ಪಾತ್ರೆಗಳಿಗೆ ಎರಡು ನ್ಯಾಯಗಳಿದ್ದವು. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಹೊರಗೆ ಹೋಗುತ್ತಿತ್ತು. ತಾಮ್ರ ಹಿತ್ತಾಳೆಗಳಿಗೆ ಹಾಗಲ್ಲ. ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿದರೆ ಶುದ್ಧ. ಹಿತ್ತಾಳೆಯ ಪಾತ್ರೆಯ ಒಳಮೈ ಸವೆದರೆ ಕಲಾಯಿಯವನು ಬೀದಿಗೆ ಬರುತ್ತಿದ್ದ. ತಿದಿಯೊತ್ತಿ, ತವರ ಸವರಿ, ಬೆಳ್ಳಿಯಂತೆ ಹೊಳೆಯಿಸಿ ಕೊಡುತ್ತಿದ್ದ. ಅಜ್ಜಿಗೆ ತವರುಮನೆಯಿಂದ ಬಂದ ಚೆರಿಗೆ ಮೊಮ್ಮಗಳ ಮದುವೆಗೂ ಉಪಯೋಗವಾಗುತ್ತಿತ್ತು. ಕಡಿಮೆ ಬೆಲೆಯ ಮಣ್ಣನ್ನು ಬಿಸಾಡುವುದು, ಹೆಚ್ಚು ಬೆಲೆಯ ಲೋಹವನ್ನು ಉಳಿಸಿಕೊಳ್ಳುವುದು, ಇದು ಎಲ್ಲರಿಗೂ ತಿಳಿದ ಲೆಕ್ಕ. ಟ್ಯಾಬ್ಲೆಟ್ಟಿನಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಕೊಳ್ಳುವಾಗ ಅದು ತಾಮ್ರ. ನಾಲ್ಕೈದು ವರ್ಷ ಕಳೆದ ಮೇಲೆ ಅದನ್ನು ಮಣ್ಣಿನ ಮಡಕೆಯೆಂದು ತಿಳಿಯಿರೆಂದು ನಮಗೆ ಹೇಳಲಾಗುತ್ತದೆ.

ಅದರಲ್ಲಿ ನಿಜವಾಗಿ ಸವೆಯುವ ಭಾಗ ಮುಖ್ಯವಾಗಿ ಒಂದೇ, ಬ್ಯಾಟರಿ. ಲಿಥಿಯಮ್ ಬ್ಯಾಟರಿಯನ್ನು ತುಂಬಿಸುತ್ತ ಬರಿದುಮಾಡುತ್ತ ಬಂದಂತೆ ಅದರ ಧಾರಣಶಕ್ತಿ ಕುಗ್ಗುತ್ತದೆ. ಕೆಲವು ನೂರು ಆವರ್ತಗಳ ನಂತರ ಮೊದಲಿನ ಶೇಕಡಾ ೮೦ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಅದನ್ನು ಬದಲಾಯಿಸಿದರೆ ಕಲಾಯಿ ಹಾಕಿಸಿದಂತೆಯೇ ಸರಿ. ಆದರೆ ಅನೇಕ ಟ್ಯಾಬ್ಲೆಟ್ಟುಗಳಲ್ಲಿ ಬ್ಯಾಟರಿಯನ್ನೂ ಗಾಜನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಗಾಜನ್ನು ಬಿಸಿಮಾಡಿ ಎಬ್ಬಿಸಬೇಕು. ಆ ಕೆಲಸದಲ್ಲಿ ಗಾಜು ಸೀಳುವ ಭಯ. ಹಾಗಾಗಿ ಕಲಾಯಿಯವನೇ ನಮ್ಮನ್ನು ಪಾತ್ರೆಯ ಅಂಗಡಿಗೆ ಕಳುಹಿಸುವ ವಿಚಿತ್ರ ಸನ್ನಿವೇಶ ಒದಗುತ್ತದೆ. (ಬ್ಯಾಟರಿ ಊದಿ ಗಾಜು ಎದ್ದುನಿಂತಿದ್ದರೆ ಮಾತ್ರ ಯಾವ ವಿಚಾರವೂ ಬೇಡ; ಒಡನೆ ಬಳಕೆ ನಿಲ್ಲಿಸಬೇಕು. ಅದು ಬೆಂಕಿಗೆ ಕಾರಣವಾಗಬಲ್ಲದು.)

ಎರಡನೆಯ ಬಗೆಯ ಮುಪ್ಪು ಇನ್ನೂ ಸೂಕ್ಷ್ಮವಾದದ್ದು. ಮನೆಯಲ್ಲಿ ವ್ಯಾಸಪೀಠವೂ ಇರುತ್ತದೆ, ಪಂಚಾಂಗವೂ ಇರುತ್ತದೆ. ಯುಗಾದಿ ಬಂದೊಡನೆ ಹಳೆಯ ಪಂಚಾಂಗ ನಿರುಪಯುಕ್ತ. ಹೊಸದನ್ನು ತರಲೇಬೇಕು, ಅದರಲ್ಲಿ ಲೋಭವೇನೂ ಇಲ್ಲ. ವ್ಯಾಸಪೀಠವಾದರೋ ಮುತ್ತಜ್ಜನ ಕಾಲದ್ದಾದರೂ ಗ್ರಂಥವನ್ನು ಹೊರುತ್ತದೆ. ಟ್ಯಾಬ್ಲೆಟ್ಟಿನ ಗಾಜು ಲೋಹಗಳು ವ್ಯಾಸಪೀಠದಂತೆ. ಒಳಗಿನ ತಂತ್ರಾಂಶ ಪಂಚಾಂಗದಂತೆ. ಈ ಎರಡನ್ನು ಒಂದಕ್ಕೊಂದು ಬಿಗಿದು, ಪಂಚಾಂಗ ನಿಂತ ದಿನವೇ ಪೀಠವೂ ನಿಲ್ಲುವಂತೆ ಮಾಡಿರುವುದೇ ಇದರ ವೈಶಿಷ್ಟ್ಯ. ಎಲ್ಲರೂ ಬಲ್ಲ ಒಂದು ನಿದರ್ಶನವನ್ನು ಹೇಳುವುದಾದರೆ, ಆಪಲ್ ಸಂಸ್ಥೆಯ ಐಪ್ಯಾಡ್ ಏರ್ ೨ ಎಂಬುದು ೨೦೧೪ರ ಅಕ್ಟೋಬರಿನಲ್ಲಿ ಬಂದಿತು. ೨೦೨೧ರ ಹದಿನೈದನೆಯ ಆವೃತ್ತಿಯವರೆಗೆ ಅದಕ್ಕೆ ಹೊಸ ತಂತ್ರಾಂಶ ದೊರೆಯಿತು. ೨೦೨೨ರ ಹದಿನಾರನೆಯದರಿಂದ ಅದನ್ನು ಕೈಬಿಡಲಾಯಿತು. ಸುರಕ್ಷತೆಯ ಕೆಲವು ತೇಪೆಗಳು ಆಮೇಲೂ ಬಂದವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಏಳೆಂಟು ವರ್ಷಗಳೆಂದರೆ ಈ ಪ್ರಪಂಚದಲ್ಲಿ ದೀರ್ಘಾಯುಷ್ಯವೇ. ಎರಡು ಮೂರು ವರ್ಷಗಳಲ್ಲಿ ಅನಾಥವಾದ ಟ್ಯಾಬ್ಲೆಟ್ಟುಗಳು ಬೇಕಾದಷ್ಟಿವೆ.

ಇಲ್ಲಿ ಪಲಿಮಾರು ಮಠದ ಸರ್ವಮೂಲದ ಓಲೆಗ್ರಂಥ ನೆನಪಾಗುತ್ತದೆ. ಅದು ಸುಮಾರು ೭೦೦ ವರ್ಷಗಳಷ್ಟು ಹಳೆಯದು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ. ಆರ್. ಮುಕುಂದ್ ಅವರೂ ಅವರ ಸಹೋದ್ಯೋಗಿಗಳೂ ೨೦೦೬ರ ಸುಮಾರಿಗೆ ಅದರ ಛಾಯಾಚಿತ್ರಗಳನ್ನು ತೆಗೆದು, ಮಸುಕಾದ ಅಕ್ಷರಗಳನ್ನು ಗಣಕದ ಸಹಾಯದಿಂದ ಸ್ಪಷ್ಟಗೊಳಿಸಿದರು. ಓಲೆಗೆ ಕಾಲದಿಂದ ಮುಪ್ಪು ಬಂದಿತ್ತು. ಗಣಕ ಅದಕ್ಕೆ ಉಪಕಾರ ಮಾಡಿತು. ಆದರೆ ಆ ಚಿತ್ರಗಳನ್ನು ತೆರೆದು ನೋಡುವ ಯಂತ್ರ ಮಾತ್ರ ಹತ್ತು ವರ್ಷ ಬಾಳಿದರೆ ಹೆಚ್ಚು. ಓಲೆಯ ಮುಪ್ಪನ್ನು ಯಾರೂ ಸಭೆ ಸೇರಿ ನಿಶ್ಚಯಿಸಿರಲಿಲ್ಲ. ಟ್ಯಾಬ್ಲೆಟ್ಟಿನ ಮುಪ್ಪನ್ನು ನಿಶ್ಚಯಿಸುವವರಿದ್ದಾರೆ. ಇದು ಬರಿಯ ದೂಷಣೆಯ ಮಾತಲ್ಲ. ಐರೋಪ್ಯ ಒಕ್ಕೂಟವು ೨೦೨೫ರ ಜೂನ್ ೨೦ರಿಂದ ಒಂದು ನಿಯಮವನ್ನು ಜಾರಿಗೆ ತಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ೫ ವರ್ಷ ತಂತ್ರಾಂಶವನ್ನೂ, ೭ ವರ್ಷ ಬಿಡಿಭಾಗಗಳನ್ನೂ ಒದಗಿಸತಕ್ಕದ್ದು, ಬ್ಯಾಟರಿಯು ೮೦೦ ಆವರ್ತಗಳ ನಂತರವೂ ಶೇಕಡಾ ೮೦ರಷ್ಟು ಶಕ್ತಿಯನ್ನು ಉಳಿಸಿಕೊಂಡಿರತಕ್ಕದ್ದು. ನಿಯಮ ಮಾಡಿದರೆ ಆಯುಷ್ಯ ಹೆಚ್ಚುವುದಾದರೆ, ಮೊದಲಿನ ಅಲ್ಪಾಯುಷ್ಯ ವಸ್ತುಸ್ವಭಾವವಾಗಿರಲಿಲ್ಲ ಎಂದೇ ಅರ್ಥವಷ್ಟೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. "ಉಪಾಕರ್ಮದಂದು ಗಟ್ಟಿಯಾಗಿರುವ ಜನಿವಾರವನ್ನೇ ತೆಗೆದು ಹೊಸದನ್ನು ಧರಿಸುತ್ತೀರಲ್ಲ, ಅದೂ ಪಂಚಾಂಗ ನೋಡಿ ಬದಲಾಯಿಸುವುದೇ ಅಲ್ಲವೇ?" ಎಂದು. ಹೌದು. ಆದರೆ ಹೊಸ ಜನಿವಾರಕ್ಕೆ ಹಳೆಯದಕ್ಕಿಲ್ಲದ ಒಂದು ಎಳೆಯೂ ಹೆಚ್ಚಿರುವುದಿಲ್ಲ. ಅದು ಬೇರೇನನ್ನೂ ಕೇಳುವುದಿಲ್ಲ. ಹೊಸ ಟ್ಯಾಬ್ಲೆಟ್ಟು ಕೇಳುತ್ತದೆ. ಅದಕ್ಕೆ ಹೊಸ ಹೊದಿಕೆ ಬೇಕು, ಹೊಸ ತಂತಿ ಬೇಕು. ೨೦೨೪ರಲ್ಲಿ ಬಂದ ಐಪ್ಯಾಡ್ ಏರ್ ಮತ್ತು ಐಪ್ಯಾಡ್ ಪ್ರೋಗಳಲ್ಲಿ, ಅದೇ ಸಂಸ್ಥೆಯು ೨೦೧೫ರಲ್ಲಿ ಮತ್ತು ೨೦೧೮ರಲ್ಲಿ ಮಾರಿದ ಪೆನ್ಸಿಲುಗಳು ನಡೆಯುವುದಿಲ್ಲ. ಪೆನ್ಸಿಲು ಸರಿಯಾಗಿಯೇ ಇದ್ದರೂ ಬೇರೆಯದನ್ನು ಕೊಳ್ಳಬೇಕು. ಫ್ರಾನ್ಸಿನ ದಿದರೋ ಎಂಬ ತತ್ತ್ವಚಿಂತಕನು ೧೭೬೯ರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡ ಬಗ್ಗೆ ಒಂದು ಪ್ರಬಂಧ ಬರೆದನು. ಉಡುಗೊರೆಯಾಗಿ ಬಂದ ಕೆಂಪು ನಿಲುವಂಗಿಯ ಮುಂದೆ ಕುರ್ಚಿ ಹಳೆಯದಾಗಿ ಕಂಡಿತು, ಆಮೇಲೆ ಮೇಜು, ಆಮೇಲೆ ಗೋಡೆಯ ಚಿತ್ರಗಳು. ಕೊನೆಗೆ ಇಡೀ ಕೋಣೆಯೇ ಬದಲಾಯಿತು. ನಮ್ಮಲ್ಲಿ ಕೌಪೀನವನ್ನು ಇಲಿಯಿಂದ ಉಳಿಸಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವನ್ನು ನೋಡಿಕೊಳ್ಳಲು ಹೆಂಡತಿ ಎಂದು ಸಂಸಾರಿಯಾದ ಸಂನ್ಯಾಸಿಯ ಕಥೆಯನ್ನು ಕೇಳದ ಮಕ್ಕಳಿಲ್ಲ. ಇಬ್ಬರಿಗೂ ಆದದ್ದು ಒಂದೇ.

ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಬೇಕು. ಅಂಗಡಿಯವನ ಕೈಗೆ ಕೊಟ್ಟೊಡನೆ ನಮ್ಮ ಸಂಬಂಧ ತೀರಿತೆಂದು ಭಾವಿಸುತ್ತೇವೆ. ೨೦೨೨ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೬ ಕೋಟಿ ೨೦ ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದೆಂದು ದಾಖಲೆಯಿರುವುದು ಅದರಲ್ಲಿ ಶೇಕಡಾ ೨೨.೩ ಮಾತ್ರ. ದೆಹಲಿಯ ಸೀಲಂಪುರದಂತಹ ಸ್ಥಳಗಳಲ್ಲಿ ಬಡವರು ಬರಿಗೈಗಳಿಂದ ಇವನ್ನು ಒಡೆದು, ತಂತಿ ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹವನ್ನು ತೆಗೆಯುತ್ತಾರೆ. ನಮ್ಮ ದೇಶದಲ್ಲಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನಿಯಮವಿದ್ದರೂ, ಗುಜರಿಯವನಿಗೆ ಕೊಡುವುದೋ ನೋಂದಾಯಿತ ಸಂಗ್ರಾಹಕರಿಗೆ ಮುಟ್ಟಿಸುವುದೋ ಎಂಬುದು ಕೊನೆಗೆ ನಮ್ಮ ಕೈಯಲ್ಲಿಯೇ ಇದೆ.

ಇಷ್ಟನ್ನು ಓದಿದವರು, ಹಳೆಯದನ್ನೇ ಇಟ್ಟುಕೊಳ್ಳುವುದು ಧರ್ಮವೆಂದು ಸಿದ್ಧಾಂತ ಮಾಡಲು ಹೊರಟಿದ್ದೇನೆಂದು ತಿಳಿದಾರು. ಹಾಗಲ್ಲ. ಇದರ ಎದುರಿನ ದೋಷವನ್ನು ಹೇಳುವುದೇ ನನ್ನ ಮುಖ್ಯೋದ್ದೇಶ. ಏಕೆಂದರೆ ನಮ್ಮಂತಹ ಮನೆಗಳಲ್ಲಿ ಆಸೆಗಿಂತ ಆ ದೋಷವೇ ಹೆಚ್ಚು ಗೌರವ ಪಡೆಯುತ್ತದೆ.

ನಮ್ಮ ಮನೆಯಲ್ಲಿ ೨೦೧೫ರಲ್ಲಿ ಕೊಂಡ ಒಂದು ಟ್ಯಾಬ್ಲೆಟ್ಟಿದೆ. ತಯಾರಕರ ಹೆಸರು ಇಲ್ಲಿ ಅನಗತ್ಯ. ತೀರ್ಥರೂಪರು ಅರ್ಚಕವೃತ್ತಿಯವರು, ಎಪ್ಪತ್ತು ದಾಟಿದವರು. ಬೆಳಗಿನ ಪೂಜೆ ಮುಗಿದ ಮೇಲೆ ಅದರಲ್ಲಿ ಗ್ರಂಥಗಳ ಪುಟಗಳನ್ನು ದೊಡ್ಡದಾಗಿ ಮಾಡಿಕೊಂಡು ಓದುತ್ತಾರೆ. ಆ ಕೆಲಸಕ್ಕೆ ಅದು ಇಂದಿಗೂ ಸಾಲುತ್ತದೆ; ಬ್ಯಾಟರಿ ಮಾತ್ರ ಒಂದು ಗಂಟೆಗೆ ಸೋಲುತ್ತಿತ್ತು. ತಾಯಿಯವರಿಗೂ ಅದೇ ಯಂತ್ರ. ನನ್ನ ಅಕ್ಕ ಮದುವೆಯಾಗಿ ಅಮೆರಿಕದಲ್ಲಿದ್ದಾಳೆ; ಭಾನುವಾರ ಬೆಳಗ್ಗೆ ಮೊಮ್ಮಕ್ಕಳ ಮುಖ ನೋಡಿ ಮಾತನಾಡುವುದು ತಾಯಿಯವರ ವಾರದ ನಿಯಮ. ಕಳೆದ ವರ್ಷ ಆ ವಿಡಿಯೋ ಕರೆಯ ತಂತ್ರಾಂಶ ಹಳೆಯ ಟ್ಯಾಬ್ಲೆಟ್ಟಿನಲ್ಲಿ ನಿಂತುಹೋಯಿತು. ತಾಯಿಯವರು ಏನೂ ಹೇಳಲಿಲ್ಲ. ನನ್ನ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿಕೊಂಡು, ನನಗೆ ಹೊತ್ತಾಗುವುದೆಂದು ಬೇಗ ಬೇಗ ಮಾತು ಮುಗಿಸಿ ಹಿಂತಿರುಗಿಸತೊಡಗಿದರು.

ನಾನು ಹೊಸದರ ಮಾತೆತ್ತಿದಾಗ ತೀರ್ಥರೂಪರು, "ಇರುವುದು ಸಾಕಲ್ಲಪ್ಪ, ತೃಪ್ತಿ ಬೇಡವೇ?" ಎಂದರು. ತಾಯಿಯವರೂ "ನನಗೇನೂ ಬೇಡಪ್ಪ" ಎಂದರು. ಎರಡೂ ಕೇಳಲು ಒಂದೇ ಬಗೆಯ ವೈರಾಗ್ಯದ ಮಾತುಗಳು. ಆದರೆ ಒಂದರಲ್ಲಿ ಸಾಕು ಎನ್ನುವವರಿಗೆ ನಿಜವಾಗಿಯೂ ಸಾಕಾಗಿತ್ತು. ಅವರ ಕೆಲಸ ನಡೆಯುತ್ತಿತ್ತು. ಇನ್ನೊಂದರಲ್ಲಿ ಬೇಡ ಎನ್ನುವವರು ಐವತ್ತು ವರ್ಷಗಳಿಂದ ಬೇಡ ಎಂದೇ ಅಭ್ಯಾಸವಾದವರು. ನಮ್ಮ ಮನೆಗಳ ತೃಪ್ತಿಯ ಕೀರ್ತಿಯಲ್ಲಿ ಹೆಂಗಸರು ಬಾಯಿಬಿಟ್ಟು ಕೇಳದೆ ಬಿಟ್ಟುಕೊಟ್ಟದ್ದು ಎಷ್ಟಿದೆಯೆಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ತನ್ನ ಪಾಲಿನದನ್ನು ಬಿಡುವುದು ತ್ಯಾಗ. ಇನ್ನೊಬ್ಬರ ಪಾಲಿನದನ್ನು ಬಿಟ್ಟು ತಾನು ತೃಪ್ತನೆಂದುಕೊಳ್ಳುವುದಕ್ಕೆ ಬೇರೆ ಹೆಸರಿದೆ; ಹಿರಿಯರ ವಿಷಯವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಅಧಿಕಾರಿ ಯಾರೆಂದು ಮೊದಲು ಕೇಳಬೇಕೆಂದದ್ದು ಇದಕ್ಕೇ. ನಾನು ತೀರ್ಥರೂಪರ ಮುಂದೆ ಕುಳಿತು, "ಅಣ್ಣಾ, ನಿಮ್ಮ ಓದಿಗೆ ಹೊಸದು ಬೇಕಿಲ್ಲ, ಒಪ್ಪಿದೆ. ಅಮ್ಮನ ಭಾನುವಾರಕ್ಕೆ ಬೇಕಲ್ಲ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಹೇಳಲೇ ಇಲ್ಲವಲ್ಲೋ" ಎಂದರು. ಒಳಗಿನಿಂದ ತಾಯಿಯವರು, "ಹೇಳುವುದೇನಿದೆ" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಕೊನೆಗೆ ಎರಡೂ ಕೆಲಸಗಳಾದವು. ಹಳೆಯದಕ್ಕೆ ಬ್ಯಾಟರಿ ಬದಲಾಯಿಸಿಕೊಡಲು ಮೊದಲ ಇಬ್ಬರು ಒಪ್ಪಲಿಲ್ಲ. ಮೂರನೆಯವನು ಗಾಜು ಒಡೆದರೆ ತಾನು ಹೊಣೆಯಲ್ಲವೆಂದು ಬರೆಸಿಕೊಂಡು ಮಾಡಿಕೊಟ್ಟ. ಗಾಜು ಒಡೆಯಲಿಲ್ಲ. ಅದರಲ್ಲಿದ್ದ ಬ್ಯಾಂಕಿನ ವ್ಯವಹಾರವನ್ನು ತೆಗೆದುಹಾಕಿದೆ. ಸುರಕ್ಷತೆಯ ತೇಪೆಗಳು ಬರದ ಯಂತ್ರದಲ್ಲಿ ಹಣದ ಕೆಲಸ ಮಾಡಕೂಡದು. ಗ್ರಂಥಗಳ ಪ್ರತಿಯನ್ನು ಬೇರೊಂದು ಕಡೆಯೂ ಇಟ್ಟೆ. ತಾಯಿಯವರಿಗೆ ದೊಡ್ಡ ಪರದೆಯ, ಸಾಧಾರಣ ಬೆಲೆಯ ಒಂದನ್ನು ತಂದೆವು. ಅಂಗಡಿಯವನು ವಿಶೇಷ ಕ್ಯಾಮರಾ ಇರುವುದನ್ನು ತೋರಿಸಿದ; ಎಷ್ಟು ವರ್ಷ ತಂತ್ರಾಂಶ ಬರುತ್ತದೆಂದು ಕೇಳಿದ್ದಕ್ಕೆ ಅವನಿಗೆ ಉತ್ತರ ತಿಳಿದಿರಲಿಲ್ಲ; ಒಳಗಿನವರನ್ನು ವಿಚಾರಿಸಿ ಬಂದು ಹೇಳಿದ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬರಲು ಅರ್ಧ ದಿನ ಹಿಡಿಯಿತು.

ಇನ್ನೆರಡು ವರ್ಷಗಳ ನಂತರ ಈ ಬ್ಯಾಟರಿಯೂ ಸೋತರೆ ಮತ್ತೊಂದು ಸಿಗುವುದು ಸಂಶಯವೆಂದು ರಿಪೇರಿಯವನು ಹೇಳಿದ್ದಾನೆ. ಆಗ ಪುನಃ ವಿಚಾರಿಸಬೇಕಾದೀತು. ತೀರ್ಥರೂಪರು ಗ್ರಂಥಗಳನ್ನು ಅದರಲ್ಲಿ ಓದುತ್ತಾರೆ. ಪಂಚಾಂಗವನ್ನು ಮಾತ್ರ ಮುದ್ರಿತ ಪುಸ್ತಕದಲ್ಲಿಯೇ ನೋಡುತ್ತಾರೆ.