ತಿಪ್ಪೆಬಾಗಿಲನ್ನು ಕಟ್ಟಿದ ಅಧಿಪತಿ



ನೆಹೆಮೀಯನ ಗ್ರಂಥದ ೩ನೆಯ ಅಧ್ಯಾಯವನ್ನು ಬರಿಯ ಹೆಸರುಗಳ ಪಟ್ಟಿಯೆಂದೆಣಿಸಿ ನಾವು ದಾಟಿ ಹೋಗುವದುಂಟು. ಆದರೆ ಆ ಹೆಸರುಗಳಲ್ಲಿ ನಮಗೆ ದೊಡ್ಡ ಪಾಠವಿದೆ. ಸುಮಾರು ಕ್ರಿ. ಪೂ. ೪೪೫ರಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟುವದಕ್ಕೆ ಕೂಲಿಯವರು ಮಾತ್ರವೇ ಬರಲಿಲ್ಲ. ಯಾಜಕರು ಬಂದರು, ಅಕ್ಕಸಾಲಿಗರೂ ಸುಗಂಧದ್ರವ್ಯ ಮಾಡುವವರೂ ಬಂದರು, ಶಲ್ಲೂಮನೆಂಬ ಅಧಿಕಾರಿಯು ತನ್ನ ಹೆಣ್ಣುಮಕ್ಕಳೊಡನೆ ಬಂದನು. ಆ ಪಟ್ಟಣಕ್ಕೆ ತಿಪ್ಪೆಬಾಗಿಲೆಂಬದೊಂದಿತ್ತು. ಹೆಸರೇ ಹೇಸಿಗೆಯದು. ಅದರ ಕದಗಳನ್ನು ನಿಲ್ಲಿಸಿ ಅಗುಳಿಗಳನ್ನು ಹಾಕಿದವನು ಯಾರು? ಬೇತ್‌ಹಕ್ಕೆರೆಮ್ ಸೀಮೆಯ ಅಧಿಪತಿಯಾದ ಮಲ್ಕೀಯನೇ. ಹೀಗೆ ೫೨ ದಿನಗಳಲ್ಲಿ ಗೋಡೆಯು ಮುಗಿಯಿತು.

ತೆಕೋವದ ಶ್ರೀಮಂತರಾದರೋ ಕೆಲಸಕ್ಕೆ ಬಗ್ಗಲಿಲ್ಲ. ಆ ಊರಿನ ಸಾಮಾನ್ಯರು ಒಂದು ಪಾಲನ್ನು ಕಟ್ಟಿದ್ದಲ್ಲದೆ ಮತ್ತೊಂದು ಪಾಲನ್ನೂ ಕಟ್ಟಿದರು. ಬಗ್ಗದವರ ಸಂಗತಿಯೂ ಬಗ್ಗಿದವರ ಸಂಗತಿಯೂ ದೇವರ ಗ್ರಂಥದಲ್ಲಿ ಬರೆಯಲ್ಪಟ್ಟಿದೆ.

ಪ್ರಿಯರೇ, ನಾವು ಯಾರ ಹಾಗಿದ್ದೇವೆ? ಸುಗ್ಗಿಯ ಹಬ್ಬದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೇವೆ. ಇದು ದೇವರ ಕೃಪೆಯೇ ಸರಿ. ಊಟವಾದ ಮೇಲೆ ಎಂಜಲೆಲೆ ಎತ್ತುವವರು ಯಾರು? ವರ್ಷ ವರ್ಷವೂ ಅದೇ ಎರಡು ಮೂರು ಮನೆಯವರು. ದೀಕ್ಷಾಸ್ನಾನದಲ್ಲಿ ಬಿಟ್ಟೆವೆಂದು ಹೇಳಿದ ಜಾತಿಯು ಎಲೆ ಎತ್ತುವ ಹೊತ್ತಿಗೆ ಹಿಂದಿರುಗಿ ಬರುತ್ತದೆ. ಬೋಧಿಸುವವರಾದ ನಾವೂ ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತು, ನೋಡಿಯೂ ನೋಡದವರಂತೆ ಇದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಹಿರಿಯರು ಎಲೆ ಎತ್ತಿದರೆ ಮರ್ಯಾದೆ ಹೋಗುವದೆಂದು ಕೆಲವರು ಹೇಳುವರು. ಹಾಗಾದರೆ ನಮ್ಮ ಕರ್ತನ ಮರ್ಯಾದೆ ಹೋಯಿತೋ? ಸಕಲ ಅಧಿಕಾರವು ತನಗುಂಟೆಂದು ಬಲ್ಲ ಆತನೇ ಊಟದಿಂದ ಎದ್ದು, ನಡುವಿಗೆ ಬಟ್ಟೆ ಕಟ್ಟಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದನು. ತನ್ನನ್ನು ಹಿಡುಕೊಡಲಿದ್ದ ಯೂದನ ಕಾಲುಗಳನ್ನೂ ಬಿಡಲಿಲ್ಲ. ಆ ನೀರಿನ ಪಾತ್ರೆಯ ಬಳಿಯಲ್ಲಿ ಬಗ್ಗಿದ್ದಾಗಲೂ ಆತನು ಕರ್ತನೇ ಆಗಿದ್ದನು. ಬಗ್ಗಿದರೆ ಹೋಗುವಂಥ ಮರ್ಯಾದೆಯು ಆತನು ಕೊಟ್ಟದ್ದಲ್ಲ.

ಆದಕಾರಣ ಬರುವ ಹಬ್ಬದಲ್ಲಿ ಉಪದೇಶಿಯೂ ಸಭೆಯ ಹಿರಿಯರೂ ಮೊದಲು ಎಲೆಗಳನ್ನು ಎತ್ತಲಿ. ಇಷ್ಟು ವರ್ಷ ಎತ್ತಿದವರು ಕೂತಿರಲಿ. ಅವರ ಕೈಗೆ ನಾವೇ ನೀರು ಹೊಯ್ಯೋಣ. ಇದು ಒಂದು ದಿನದ ತೋರಿಕೆಯಾಗಿ ಮುಗಿಯಬಾರದು. ದೇವಾಲಯವನ್ನು ಗುಡಿಸುವದು, ನೀರು ತರುವದು, ಬಾವಿಯ ಹೂಳು ತೆಗೆಯುವದು, ಇವೆಲ್ಲವೂ ಮನೆಮನೆಗೆ ಸರದಿಯಾಗಿ ಬರಲಿ. ತಾನೇ ಬಗ್ಗಿದ ಕರ್ತನು ನಮ್ಮ ಗಟ್ಟಿಯಾದ ಕುತ್ತಿಗೆಗಳನ್ನೂ ಬಗ್ಗಿಸಲಿ. ಆಮೆನ್.