ಲೊಕೇಶನ್ ಕಳಿಸ್ತೀರಾ?

ಕಳೆದ ವಾರ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೆಸೇಜ್ ಮಾಡಿದ್ದ. "ಅಕ್ಕಾ, ನಿಮ್ಮ ಡಿಪಿಯಲ್ಲಿರೋ ಗೂಬೆ ಫೋಟೋ ಸೂಪರ್. ಲೊಕೇಶನ್ ಕಳಿಸ್ತೀರಾ ಪ್ಲೀಸ್?"

ಮೂರು ದಿನ ಉತ್ತರ ಕೊಡಲಿಲ್ಲ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ನನಗೆ ಫೋಟೋ ತೆಗೆಯೋದನ್ನ ಕಲಿಸಿದವರು ಯಾರೂ ಯಾವತ್ತೂ ಇಲ್ಲ ಅಂದವರಲ್ಲ. ಹೂಂ ಅನ್ನೋಕೂ ಆಗಲಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾಲ್ಕು ವರ್ಷದ ಹಿಂದೆ ಬೋನಸ್ ದುಡ್ಡಲ್ಲಿ ಒಂದು ಕ್ಯಾಮೆರಾ ತಗೊಂಡೆ. ಲೆನ್ಸ್‌ಗೆ ದುಡ್ಡು ಉಳಿದಿರಲಿಲ್ಲ. ಆಫೀಸಿನ ಗೆಳೆಯನೊಬ್ಬ ತನ್ನ 150-600 ಲೆನ್ಸನ್ನ ಒಂದು ತಿಂಗಳು ಸುಮ್ಮನೆ ಕೊಟ್ಟ. ಅದನ್ನ ಹೊತ್ಕೊಂಡು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ ಬೆಳ್ಳಕ್ಕಿ ತೆಗೆದೆ. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಹಕ್ಕಿ ಇರಲಿಲ್ಲ, ನೀರಿನ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಕವರ್ ತೇಲ್ತಾ ಇತ್ತು. ನಾಚಿಕೆ ಬಿಟ್ಟು ಅದನ್ನೇ ಗುಂಪಿಗೆ ಹಾಕಿದೆ.

ಯಾರೂ ನಗಲಿಲ್ಲ. ರಾತ್ರಿಯೊಳಗೆ ನಾಲ್ಕು ಜನ ಬರೆದಿದ್ದರು. ಸುತ್ತಲಿನ ನೀರು ಕಪ್ಪಗಿದ್ದರೆ ಕ್ಯಾಮೆರಾ ಬೆಳಕು ಕಮ್ಮಿ ಇದೆ ಅಂದ್ಕೊಂಡು ಇಡೀ ಚಿತ್ರವನ್ನ ಬೆಳಗಿಸಿಬಿಡುತ್ತೆ, ಆಗ ಬಿಳಿ ರೆಕ್ಕೆಯ ಗೆರೆಗಳೆಲ್ಲ ಸುಟ್ಟುಹೋಗ್ತವೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ ಅಂದರು ಒಬ್ಬರು. ಆಕಾಶದಲ್ಲಿ ಹಾರೋ ಹದ್ದಿಗೆ ಇದರ ಉಲ್ಟಾ, ಏರಿಸಬೇಕು ಅಂದರು ಇನ್ನೊಬ್ಬರು. ಹಾರೋ ಹಕ್ಕಿಗೆ ಶಟರ್ 1/2000 ಆದರೂ ಇರಲಿ, ಐಎಸ್‌ಒ ಏರಿದರೆ ಹೆದರಬೇಡಿ, ಕಾಳುಕಾಳಾದ ಫೋಟೋವನ್ನ ಸರಿಮಾಡಬಹುದು, ಅಲ್ಲಾಡಿದ ಫೋಟೋವನ್ನ ದೇವರೂ ಸರಿಮಾಡಕ್ಕಾಗಲ್ಲ ಅಂತ ಮೂರನೆಯವರು. ನಾಲ್ಕನೆಯವರು ಮೇಷ್ಟ್ರು. ರಿಟೈರ್ ಆದ ಹೈಸ್ಕೂಲ್ ಸೈನ್ಸ್ ಮೇಷ್ಟ್ರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ಅವರು ಬರೆದದ್ದು ಇಷ್ಟೇ: "ನಿಂತು ತೆಗೆದಿದ್ದೀಯಮ್ಮ. ನೆಲದ ಮೇಲೆ ಕೂತ್ಕೋ. ಹಕ್ಕಿ ಕಣ್ಣಿನ ಮಟ್ಟಕ್ಕೆ ನಿನ್ನ ಕಣ್ಣು ಬರಲಿ."

ಅವತ್ತಿಂದ ಎರಡು ವರ್ಷ ಪ್ರತಿ ವಾರ ಪಾಠ. ಫೀಸಿಲ್ಲ, ಬೇಸರವಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವಳು. ಯಾರೋ ಪುಕ್ಕಟೆ ಬರೆದಿಟ್ಟ ಕೋಡ್ ಮೇಲೆ ನಮ್ಮ ಸಂಬಳ ನಿಂತಿರುತ್ತೆ. ಗೊತ್ತಿರೋದನ್ನ ಹಂಚಬೇಕು, ಬಚ್ಚಿಡೋದು ಸಣ್ಣತನ ಅನ್ನೋದು ನಮ್ಮಂಥವರಿಗೆ ಹೆಚ್ಚುಕಮ್ಮಿ ಧರ್ಮವೇ. ಹಾಗಾಗಿ ಮೇಷ್ಟ್ರು ಒಂದು ಸಲ ಕೊಂಬಿನ ಗೂಬೆಯ ಫೋಟೋ ಹಾಕಿದಾಗ ನಾನೂ ಈ ಹುಡುಗನ ಥರವೇ ಕೇಳಿದ್ದೆ, "ಸರ್, ಲೊಕೇಶನ್?"

"ಬೆಂಗಳೂರು ಗ್ರಾಮಾಂತರ" ಅಂತ ಬಂತು ಉತ್ತರ.

ಸಿಟ್ಟು ಬಂತು. ಇಷ್ಟೆಲ್ಲ ಧಾರಾಳವಾಗಿ ಕಲಿಸೋರು ಒಂದು ಜಾಗದ ಹೆಸರು ಹೇಳಕ್ಕೆ ಯಾಕೆ ಇಷ್ಟು ಜಿಪುಣತನ? ತಮ್ಮ ಫೋಟೋ ಒಂದೇ ಇರಲಿ ಅಂತಲಾ? ಒಳಗಿನವರು, ಹೊರಗಿನವರು ಅಂತ ಇಲ್ಲೂ ಇದೆಯಾ?

ಒಂದು ವರ್ಷ ಆದಮೇಲೆ, ಫೆಬ್ರವರಿಯ ಒಂದು ಬೆಳಗ್ಗೆ, ಅವರೇ ಕರ್ಕೊಂಡು ಹೋದರು. ಊರಾಚೆಯ ಹಳೇ ಕಲ್ಲುಕ್ವಾರಿ. ಕೊಂಬಿನ ಗೂಬೆ ಗೂಡು ಕಟ್ಟಲ್ಲ, ಬಂಡೆಯ ಅಂಚಲ್ಲಿ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತೆ. ಕ್ವಾರಿಯ ಆ ದಂಡೆಯಲ್ಲಿ ಒಂದು ಪೊದೆ, ಅದರ ಹಿಂದೆ ಕಲ್ಲಿನ ಬಣ್ಣದ್ದೇ ಒಂದು ಹಕ್ಕಿ, ಅದರ ಮುಖದಲ್ಲಿ ಎರಡು ಕಿತ್ತಳೆ ಕಣ್ಣು. ನಾವು ಈ ದಂಡೆಯಲ್ಲಿ ಎರಡು ಗಂಟೆ ಕೂತೆವು. ಫೋಟೋಗೆ ಮೇಷ್ಟ್ರು ಕೊಟ್ಟದ್ದು ಹತ್ತು ನಿಮಿಷ. "ಹಕ್ಕಿ ತನ್ನ ಕೆಲಸ ಬಿಟ್ಟು ನಿನ್ನನ್ನೇ ನೋಡ್ತಾ ಕೂತಿದೆ ಅಂದರೆ ನೀನು ತುಂಬಾ ಹತ್ತಿರ ಬಂದಿದ್ದೀಯ ಅಂತ ಅರ್ಥ" ಅಂದರು. ವಾಪಸ್ ಬರ್ತಾ ಕಾರಲ್ಲಿ ಇನ್ನೊಂದು ಮಾತು: "ಯಾರಿಗೂ ಹೇಳಬೇಡಮ್ಮ."

ಆ ಫೋಟೋ ನೋಡಿ ಆಫೀಸಿನ ಗೆಳೆಯ ಜಾಗ ಕೇಳಿದ. ಅದೇ, ಲೆನ್ಸ್ ಕೊಟ್ಟವನು. ಒಂದೂವರೆ ಲಕ್ಷದ ಹತ್ತಿರದ ಲೆನ್ಸನ್ನ ಕಣ್ಣು ಮುಚ್ಚಿ ಕೊಟ್ಟವನಿಗೆ ಒಂದು ಮ್ಯಾಪ್ ಪಿನ್ ಕೊಡಲ್ಲ ಅನ್ನೋದು ಹೇಗೆ? ಕಳಿಸಿದೆ. ಜೊತೆಗೆ "ಯಾರಿಗೂ ಹೇಳಬೇಡ" ಅಂತಾನೂ ಬರೆದೆ. ಅವನೂ ಒಬ್ಬರಿಗೆ ಕಳಿಸಿದನಂತೆ, ಇದೇ ಮಾತು ಬರೆದು. ಆಮೇಲೆ ಗೊತ್ತಾಯಿತು, ಆ ಪಿನ್ ಎಲ್ಲಿಗೆಲ್ಲ ಹೋಯಿತೋ ಅಲ್ಲಿಗೆಲ್ಲ ಆ ವಾಕ್ಯವೂ ಹೋಗಿತ್ತು.

ಎರಡು ಭಾನುವಾರ ಕಳೆದ ಮೇಲೆ ಮೇಷ್ಟ್ರ ಫೋನ್. "ಕ್ವಾರಿ ಹತ್ರ ಏಳು ಕಾರು ನಿಂತಿವೆ." ಫೋಟೋಗೆ ಅಡ್ಡ ಬರುತ್ತೆ ಅಂತ ಯಾರೋ ಆ ಪೊದೆಯನ್ನ ಕಡಿದಿದ್ದರು. ಹಕ್ಕಿ ಅಂಚಿನಲ್ಲಿ ಇರಲಿಲ್ಲ. ಮುಂದಿನ ವಾರ ಮೊಟ್ಟೆಯೂ ಇರಲಿಲ್ಲ.

ನನ್ನಿಂದಲೇ ಹಾಗಾಯಿತು ಅಂತ ಖಡಾಖಂಡಿತ ಹೇಳಕ್ಕಾಗಲ್ಲ. ಕಾಗೆ, ಮುಂಗುಸಿ, ಬೀದಿನಾಯಿ, ಯಾವುದು ಬೇಕಾದರೂ ಕಾರಣ ಇರಬಹುದು. ಯಾರೂ ಹೋಗದಿದ್ದರೂ ಆ ಮೊಟ್ಟೆಗಳು ಉಳಿಯದೇ ಇರಬಹುದಿತ್ತು. ಈ "ಇರಬಹುದು" ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ತಪ್ಪಾಯಿತೋ ಇಲ್ಲವೋ ಅನ್ನೋದನ್ನ ಮೊಟ್ಟೆ ಉಳಿಯಿತೋ ಇಲ್ಲವೋ ಅನ್ನೋದು ತೀರ್ಮಾನ ಮಾಡಲ್ಲ. ಪಿನ್ ಕಳಿಸಿದ ಹೊತ್ತಿನಲ್ಲೇ ಅದು ತೀರ್ಮಾನ ಆಗಿತ್ತು. ನನ್ನದಲ್ಲದ್ದನ್ನ ನಾನು ಕೊಟ್ಟಿದ್ದೆ.

ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಆ ಜಾಗ ತೋರಿಸಿದವರೂ ಯಾರಿಗೂ ಹೇಳಬೇಡಿ ಅಂದಿದ್ದರು. ನಾನು ನಿನಗೆ ತೋರಿಸಿದೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ಅವರು ಹಳೇ ಕಾಲದ ಕಥೆಗಳನ್ನೂ ಹೇಳಿದರು. ಉದ್ದದ ಲೆನ್ಸ್, ವೇಗದ ಫಿಲ್ಮ್ ಇಲ್ಲದ ಕಾಲದಲ್ಲಿ ಹಕ್ಕಿ ಫೋಟೋ ಅಂದರೆ ಹೆಚ್ಚಾಗಿ ಗೂಡಿನ ಫೋಟೋವೇ. ಹಕ್ಕಿ ಖಂಡಿತ ವಾಪಸ್ ಬರೋ ಜಾಗ ಅದೊಂದೇ. ಇಂಗ್ಲೆಂಡಿನ ಹೆಸರಾಂತ ಹಕ್ಕಿ ಫೋಟೋಗ್ರಾಫರ್ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಹತ್ತಿರ ಕಟ್ಟಿದ್ದ ಮರೆಗೆ ಕತ್ತಲಲ್ಲಿ ಹೋಗ್ತಿದ್ದಾಗ ಆ ಗೂಬೆ ಎರಗಿ ಎಡಗಣ್ಣು ಹೋಯಿತು. ಆತ ಮತ್ತೆ ಕ್ಯಾಮೆರಾ ಹಿಡಿದ, 1970ರಲ್ಲಿ ಬಂದ ತನ್ನ ಆತ್ಮಕಥೆಗೆ "ಆನ್ ಐ ಫಾರ್ ಎ ಬರ್ಡ್" ಅಂತ ಹೆಸರಿಟ್ಟ. ಕೇಳಿದಾಗ ಎಂಥಾ ಛಲ ಅನ್ನಿಸಿತು. ಈಗ ಯೋಚಿಸಿದರೆ, ಅಲ್ಲಿ ಹಕ್ಕಿ ತನ್ನ ಉತ್ತರ ಕೊಟ್ಟಿತ್ತು ಅನ್ನಿಸುತ್ತೆ. ಬಹಳಷ್ಟು ಹಕ್ಕಿಗಳು ಉತ್ತರ ಕೊಡಲ್ಲ. ಸುಮ್ಮನೆ ಎದ್ದು ಹೋಗ್ತವೆ, ಅಷ್ಟೇ.

ನಮ್ಮ ಕಾನೂನು ಈ ವಿಷಯದಲ್ಲಿ ನಮಗಿಂತ ನೇರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ "ಬೇಟೆ" ಅನ್ನೋ ಪದಕ್ಕೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಬಂದೂಕು ಇರಲೇಬೇಕು ಅಂತಿಲ್ಲ. ಗೂಬೆಗಂತೂ ಇನ್ನೊಂದು ಅಪಾಯ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಅಂತ ಗೂಬೆ ಹಿಡಿದು ಮಾರೋರು ಇವತ್ತಿಗೂ ಇದ್ದಾರೆ. ನಾವು ಕಳಿಸೋ ಪಿನ್ ಯಾರ ಫೋನಿಗೆ ಹೋಗಿ ಮುಟ್ಟುತ್ತೆ ಅಂತ ನಮಗೇನು ಗೊತ್ತು?

ಹಾಗಾದರೆ ಎಲ್ಲ ಜಾಗವನ್ನೂ ಮುಚ್ಚಿಡಬೇಕಾ? ಅಷ್ಟು ಸುಲಭವಾಗಿದ್ದರೆ ನಾನು ಮೂರು ದಿನ ಒದ್ದಾಡ್ತಿರಲಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಮನೆಗಳ ಮಧ್ಯದ ಹುಣಸೆ ಮರಗಳಲ್ಲೇ ಗೂಡು ಕಟ್ಟೋದು ಲೋಕಕ್ಕೆಲ್ಲ ಗೊತ್ತು, ಊರಿನ ಹೆಸರಲ್ಲೇ ಕೊಕ್ಕರೆ ಇದೆ. ಅಲ್ಲಿ ಗುಟ್ಟು ಅನ್ನೋದೇ ಇಲ್ಲ. ಕಾವಲಿಗೆ ಇಡೀ ಊರಿದೆ. ಇನ್ನೊಂದು ಕಡೆ ಹೆಸರಘಟ್ಟದ ಹುಲ್ಲುಗಾವಲು. ಅಲ್ಲಿ ಫಿಲ್ಮ್ ಸಿಟಿ ಮಾಡ್ತೀವಿ ಅಂತ ಸರ್ಕಾರ ಹೊರಟಾಗ, ಇದು ಪಾಳುಭೂಮಿ ಅಲ್ಲ ಅಂತ ವಾದಿಸಿದವರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಅಂದರೆ ಅಲ್ಲಿ ಜನ ವರ್ಷಗಟ್ಟಲೆ ನೋಡಿ ಬರೆದಿಟ್ಟ ಹಕ್ಕಿಗಳ ಪಟ್ಟಿ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಆ ಪಟ್ಟಿ ಎಲ್ಲಿಂದ ಬರ್ತಿತ್ತು? ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಜೆಸಿಬಿ ಬಂದರೆ ಅಡ್ಡ ನಿಲ್ಲೋಕೂ ಯಾರೂ ಇರಲ್ಲ. ಗುಟ್ಟೂ ಕೊಲ್ಲಬಹುದು.

ಗುಟ್ಟಿಗೆ ಇನ್ನೊಂದು ಕೆಟ್ಟ ಮುಖವೂ ಇದೆ. "ಇವರನ್ನ ನಂಬಬಹುದು, ಅವರನ್ನ ನಂಬಕ್ಕಾಗಲ್ಲ" ಅಂತ ತೀರ್ಮಾನ ಮಾಡೋರು ಯಾರು? ಹೆಚ್ಚಾಗಿ ತಮ್ಮ ಗೋಡೆಗೆ ಈಗಾಗಲೇ ಆ ಫೋಟೋ ಹಾಕ್ಕೊಂಡವರೇ. ನಾನೂ ಈಗ ಅವರಲ್ಲಿ ಒಬ್ಬಳು. ನನ್ನ ಡಿಪಿಯಲ್ಲಿ ಗೂಬೆ ಇಟ್ಕೊಂಡು ಇನ್ನೊಬ್ಬರಿಗೆ ನೀತಿಪಾಠ ಹೇಳೋದು ಎಷ್ಟು ಸರಿ?

ಇದೆಲ್ಲ ಯೋಚಿಸಿ ನಾನು ಬಂದು ನಿಂತಿರೋದು ಇಲ್ಲಿಗೆ. ವಿದ್ಯೆ ಬೇರೆ, ವಿಳಾಸ ಬೇರೆ. ಬೆಳ್ಳಕ್ಕಿಗೆ ಒಂದು ಸ್ಟಾಪ್ ಇಳಿಸಬೇಕು ಅನ್ನೋದನ್ನ ನಾನು ಸಾವಿರ ಜನಕ್ಕೆ ಹೇಳಿದರೂ ನನ್ನ ಹತ್ತಿರ ಅದು ಅಷ್ಟೇ ಉಳಿಯುತ್ತೆ, ಬೆಳ್ಳಕ್ಕಿಗೆ ಏನೂ ಕಮ್ಮಿ ಆಗಲ್ಲ. ವಿಳಾಸ ಹಾಗಲ್ಲ. ಅದು ಕೊಡೋಳು ನಾನು, ತಗೊಳ್ಳೋನು ಗೆಳೆಯ, ಬೆಲೆ ತೆರೋದು ಮೂರನೆಯವರು. ಆಫೀಸಲ್ಲಿ ಯಾರಾದರೂ ಬಂದು ನಮ್ಮ ಟೀಮಿನ ಹುಡುಗಿಯ ಮನೆ ಅಡ್ರೆಸ್ ಕೇಳಿದರೆ, ಕೇಳಿದವರು ಎಷ್ಟೇ ಒಳ್ಳೆಯವರಾಗಿರಲಿ, "ಅವಳನ್ನ ಕೇಳಿ ಹೇಳ್ತೀನಿ" ಅಂತೀವಲ್ವಾ? ಅದನ್ನ ಯಾರೂ ಜಿಪುಣತನ ಅನ್ನಲ್ಲ.

ಗೂಬೆಯನ್ನ ಕೇಳೋದು ಹೇಗೆ ಅನ್ನೋದೇ ಕಷ್ಟ. ಆದರೆ ಪೂರ್ತಿ ದಾರಿ ಇಲ್ಲ ಅಂತಲ್ಲ. ಹಕ್ಕಿಗಳ ದಾಖಲೆ ಇಡೋ ಇಬರ್ಡ್, ಅಪಾಯದಲ್ಲಿರೋ ಕೆಲವು ಜಾತಿಗಳ ನಿಖರ ಜಾಗವನ್ನ ಸಾರ್ವಜನಿಕರಿಗೆ ತೋರಿಸಲ್ಲ, ಆದರೆ ದಾಖಲೆ ಒಳಗೆ ಉಳಿಯುತ್ತೆ. ಜಾಗ ಉಳಿಸೋಕೆ ಬೇಕಾದಷ್ಟು ಹೇಳಬಹುದು, ನುಗ್ಗೋಕೆ ಬೇಕಾದಷ್ಟು ಹೇಳಬೇಕಿಲ್ಲ. ಮರಿ ಹಾರಿಹೋದ ಮೇಲೆ ಫೋಟೋ ಹಾಕಬಹುದು. ಕ್ವಾರಿ ಪಕ್ಕದ ಹೊಲದವರಿಗೆ, ಇಲಿ ತಿಂದು ನಿಮ್ಮ ಕಾಳು ಉಳಿಸೋ ಹಕ್ಕಿ ಇದು ಅಂತ ಹೇಳಬಹುದು. ಹೋದ ತಿಂಗಳು ಮೇಷ್ಟ್ರೂ ನಾನೂ ಮಾಡಿದ್ದು ಅದನ್ನೇ. ಯಾಕಂದರೆ ಈ ಸಲ ಕ್ವಾರಿಯ ಇನ್ನೊಂದು ಮೂಲೆಯಲ್ಲಿ ಒಂದು ಜೋಡಿ ಕಂಡಿದೆ. ಅದೇ ಜೋಡಿಯೋ ಬೇರೆಯದೋ ಗೊತ್ತಿಲ್ಲ. ಕ್ಯಾಮೆರಾವನ್ನ ನಾವಿಬ್ಬರೂ ಕಾರಲ್ಲೇ ಬಿಟ್ಟು ಹೋಗಿದ್ದೆವು.

ನನಗೆ ಈ ಗುಂಪಿನವರು ನಿಜಕ್ಕೂ ಕೊಟ್ಟದ್ದೇನು ಅಂತ ಲೆಕ್ಕ ಹಾಕಿದರೆ, ಅದರಲ್ಲಿ ಜಾಗಗಳು ಬಹಳ ಕಮ್ಮಿ. ಅವರು ಕೊಟ್ಟದ್ದು ತಮ್ಮ ಟೈಮ್. ಪಿನ್ ಕಳಿಸೋಕೆ ಎರಡು ಸೆಕೆಂಡ್ ಸಾಕು. ಅದಕ್ಕೇ ಅದನ್ನ ಕೊಟ್ಟು ಒಳ್ಳೆಯವರಾಗೋದು ಅಷ್ಟು ಸುಲಭ.

ನಿನ್ನೆ ರಾತ್ರಿ ಹುಡುಗನಿಗೆ ಬರೆದೆ. "ಲೊಕೇಶನ್ ಕಳಿಸಲ್ಲ, ಬೇಜಾರು ಮಾಡ್ಕೋಬೇಡಿ. ಈ ಭಾನುವಾರ ಬೆಳಗ್ಗೆ ಆರಕ್ಕೆ ಕೈಕೊಂಡ್ರಹಳ್ಳಿ ಕೆರೆ ಗೇಟ್ ಹತ್ರ ಬನ್ನಿ. ನೆಲದ ಮೇಲೆ ಕೂರಬೇಕಾಗುತ್ತೆ, ಹಳೇ ಪ್ಯಾಂಟ್ ಹಾಕ್ಕೊಂಡು ಬನ್ನಿ."

ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಬಹುಶಃ ಸಿಟ್ಟಾಗಿದ್ದಾನೆ. ನಾನೂ ಆಗಿದ್ದೆ. ಬಂದರೆ ಬೆಳ್ಳಕ್ಕಿಯಿಂದಲೇ ಶುರುಮಾಡೋಣ ಅಂದ್ಕೊಂಡಿದ್ದೀನಿ.