ಮಾತಿಗೊಂದು ಎಡೆ, ಮೌನಕ್ಕೊಂದು ಎಡೆ

ಮಾನವನು ಸಂಘಜೀವಿ ಎಂಬ ಮಾತನ್ನು ನಾವು ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇವೆ. ಅವನಿಗೆ ಏಕಾಂತವೂ ಬೇಕು ಎಂಬ ಮಾತು ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ನೂರಾರು ಜನರು ಒಂದೇ ಸೂರಿನಡಿ ದುಡಿಯುವ ಕಚೇರಿಯನ್ನು ಕಟ್ಟುವಾಗ ಈ ಎರಡು ಅಗತ್ಯಗಳೂ ಎದುರುಬದುರಾಗುತ್ತವೆ. ಗೋಡೆ ಎಲ್ಲಿರಬೇಕು? ಬಾಗಿಲು ಯಾರಿಗಿರಬೇಕು? ಕೂಡಿ ಮಾತನಾಡುವ ಸ್ಥಳ ಯಾವುದು, ಒಬ್ಬರೇ ಕುಳಿತು ಯೋಚಿಸುವ ಸ್ಥಳ ಯಾವುದು? ಇವು ಕಟ್ಟಡ ವಿನ್ಯಾಸಕಾರರ ಪ್ರಶ್ನೆಗಳೆಂದು ತೋರಿದರೂ ಇವುಗಳ ಒಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ: ಜೊತೆಯಲ್ಲಿ ದುಡಿಯುವವರನ್ನು ನಾವು ನಂಬುತ್ತೇವೆಯೇ?

ನಮ್ಮ ಸೀಮೆಯ ವ್ಯವಹಾರದಲ್ಲಿಯೇ ಇದಕ್ಕೊಂದು ಪಾಠವಿದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಗಳ ಮುಂದೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ರೈತ, ದಲಾಲ, ಹಮಾಲ, ಖರೀದಿದಾರ ಎಲ್ಲರೂ ಅಲ್ಲಿ ಸೇರುತ್ತಾರೆ. ಖರೀದಿದಾರನು ಕಾಯಿಯ ಬಣ್ಣ, ಸುಕ್ಕು, ತೇವಾಂಶಗಳನ್ನು ಪರೀಕ್ಷಿಸುವುದೂ ಬಹಿರಂಗವಾಗಿಯೇ. ಆದರೆ ದರವನ್ನು ಅವನು ಕೂಗಿ ಹೇಳುವುದಿಲ್ಲ. ಟೆಂಡರಿನಲ್ಲಿ ಗುಟ್ಟಾಗಿ ನಮೂದಿಸುತ್ತಾನೆ. ಹಿಂದೆ ಚೀಟಿಯಲ್ಲಿ ನಡೆಯುತ್ತಿದ್ದ ಈ ಕೆಲಸ ಇಂದು ಇ-ಟೆಂಡರಿನಲ್ಲಿ ನಡೆಯುತ್ತದೆ. ನೋಡುವುದು ಎಲ್ಲರೊಂದಿಗೆ, ನಿರ್ಧರಿಸುವುದು ಏಕಾಂತದಲ್ಲಿ, ಫಲಿತಾಂಶ ಮತ್ತೆ ಎಲ್ಲರ ಮುಂದೆ. ಪಕ್ಕದವನ ಮುಖ ನೋಡಿ ದರ ಇಳಿಸುವ ಅವಕಾಶ ಇದರಿಂದ ಕಡಿಮೆಯಾಗುತ್ತದೆ. ಇಲ್ಲಿ ಮೌನವು ನ್ಯಾಯದ ರಕ್ಷಕ.

ಆದರೂ ವ್ಯವಸ್ಥೆಯೊಂದೇ ಸಾಲದು. 2024ರ ಮಾರ್ಚ್ ತಿಂಗಳಲ್ಲಿ ದರ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಭುಗಿಲೆದ್ದು, ಮಾರುಕಟ್ಟೆ ಸಮಿತಿಯ ಕಚೇರಿ ದಾಳಿಗೆ ತುತ್ತಾಯಿತು. ವಾಹನಗಳು ಬೆಂಕಿಗೆ ಆಹುತಿಯಾದವು. ನಂಬಿಕೆ ಕುಸಿದ ಕಡೆ ಯಾವ ವ್ಯವಸ್ಥೆಯೂ, ಯಾವ ಗೋಡೆಯೂ ಆಸರೆಯಾಗಲಾರದು.

ದೊಡ್ಡ ಕಚೇರಿಗಳ ಇತಿಹಾಸವೂ ಇದನ್ನೇ ಹೇಳುತ್ತದೆ. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಷ್ನೆಲ್ಲೆ ಸಹೋದರರು ಮೇಲು-ಕೀಳಿನ ಗೋಡೆಗಳು ಬೀಳಲಿ ಎಂಬ ಆಶಯದಿಂದ ಕಚೇರಿಯ ಕೋಣೆಗಳನ್ನು ತೆಗೆದು, ವಿಶಾಲ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿದರು. 1968ರಲ್ಲಿ ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್, ಪ್ರತಿಯೊಬ್ಬರಿಗೂ ಒಂದಿಷ್ಟು ಮರೆ ಸಿಗಲೆಂದು ಸರಿಸಬಹುದಾದ ಅಡ್ಡಪರದೆಗಳನ್ನು ರೂಪಿಸಿದರು. ಸಂಸ್ಥೆಗಳಾದರೋ ಜಾಗ ಉಳಿಸುವ ಆಸೆಯಿಂದ ಅವುಗಳನ್ನೇ ಇಕ್ಕಟ್ಟಾದ ಗೂಡುಗಳನ್ನಾಗಿ ಮಾಡಿದವು. ಅದನ್ನು ಕಂಡು ಪ್ರಾಪ್ಸ್ಟ್ ಅವರೇ ಮುಂದೆ ನೊಂದುಕೊಂಡರು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ವಿಚಿತ್ರವಾದುದನ್ನು ತೋರಿಸಿತು. ಎರಡು ದೊಡ್ಡ ಸಂಸ್ಥೆಗಳಲ್ಲಿ ಗೋಡೆಗಳನ್ನು ತೆಗೆದು ಕಚೇರಿಯನ್ನು ಬಯಲಾಗಿಸಿದ ಬಳಿಕ ನೌಕರರ ಮುಖಾಮುಖಿ ಮಾತುಕತೆ ಹೆಚ್ಚಲಿಲ್ಲ. ಸುಮಾರು ಶೇಕಡಾ 70ರಷ್ಟು ಇಳಿಯಿತು. ಎದುರಿಗಿದ್ದವರೊಂದಿಗೂ ಜನರು ಇ-ಮೇಲ್ ಮೂಲಕವೇ ವ್ಯವಹರಿಸತೊಡಗಿದರು.

ಇದು ಆಶ್ಚರ್ಯವೆನಿಸಿದರೂ ಕಾರಣ ಸರಳ. ಎಲ್ಲರ ಕಣ್ಣೂ ತನ್ನ ಮೇಲಿರುವಾಗ ಮನುಷ್ಯನು ಹೃದಯ ಬಿಚ್ಚಿ ಮಾತನಾಡುವುದಿಲ್ಲ. ಕೆಲಸದಲ್ಲಿ ಮುಳುಗಿದಂತೆ ತೋರಿಸಿಕೊಳ್ಳುತ್ತಾನೆ. ಹೊರಗಿನ ಗೋಡೆ ಬಿದ್ದಾಗ ಅವನು ತನ್ನೊಳಗೆ ಒಂದು ಗೋಡೆಯನ್ನು ಎಬ್ಬಿಸಿಕೊಳ್ಳುತ್ತಾನೆ. ಕೂಡಿಸಬೇಕೆಂಬ ಪ್ರೀತಿಯಿಂದ ಗೋಡೆ ತೆಗೆಯುವುದು ಬೇರೆ, ಕಾವಲು ಕಾಯಬೇಕೆಂಬ ಸಂಶಯದಿಂದ ತೆಗೆಯುವುದು ಬೇರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಹುತೇಕ ಕಚೇರಿಗಳಲ್ಲಿ ಮೌನವನ್ನು ಹಂಚುವುದು ಕೆಲಸ ನೋಡಿ ಅಲ್ಲ, ಹುದ್ದೆ ನೋಡಿ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ ಸರಕಾರಿ ಕಚೇರಿಗಳು ನಮ್ಮ ಜನರಿಗೆ ಹತ್ತಿರವಾದವು; ಅದು ದೊಡ್ಡ ಉಪಕಾರ. ಆದರೆ ಯಾವ ಊರಿನ ಕಚೇರಿಯನ್ನಾದರೂ ನೆನೆಯಿರಿ: ಮೇಲಧಿಕಾರಿಗೆ ಬಾಗಿಲು, ಪರದೆಗಳುಳ್ಳ ಕೋಣೆ, ಪಹಣಿಯ ಸರ್ವೆ ನಂಬರನ್ನು ಅಂಕಿ ಅಂಕಿಯಾಗಿ ತಾಳೆ ನೋಡಬೇಕಾದ ಗುಮಾಸ್ತರಿಗೆ ಗದ್ದಲದ ನಡುವೆ ಒಂದು ಮೇಜು. ಅಲ್ಲಿ ಒಂದು ಅಂಕಿ ತಪ್ಪಿದರೆ ಬಡ ಕುಟುಂಬವೊಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಅಂತೆಯೇ ವಿಧವಾ ವೇತನಕ್ಕಾಗಿ ಬಂದ ಸಹೋದರಿ ತನ್ನ ಮನೆಯ ಕಷ್ಟವನ್ನು ಸರತಿ ಸಾಲಿನ ಕಿವಿಗೆ ಬೀಳುವಂತೆ ಹೇಳಿಕೊಳ್ಳಬೇಕು. ಮೌನದ ಎಡೆ ಇವರಿಗಲ್ಲದೆ ಇನ್ನಾರಿಗೆ ಬೇಕು?

ಹಾಗೆಂದು ಏಕಾಂತವೇ ಪರಿಹಾರವಲ್ಲ. 2020ರಲ್ಲಿ ಕೊರೋನಾ ಹಾವಳಿಯಿಂದ ಬೆಂಗಳೂರಿನ ಕಚೇರಿಗಳು ಮುಚ್ಚಿದಾಗ ರಾಣೇಬೆನ್ನೂರು, ಹಾವೇರಿಗಳಂತಹ ಊರುಗಳ ಎಷ್ಟೋ ಯುವಜನರು ಮನೆಗೆ ಮರಳಿ ಪಡಸಾಲೆಯಲ್ಲೋ ಅಟ್ಟದ ಮೇಲೋ ಕುಳಿತು ಕೆಲಸ ಮಾಡಿದರು. ಪಯಣದ ದಣಿವು ತಪ್ಪಿತು, ಮನೆಯೂಟ ದೊರೆಯಿತು. ಆದರೆ ಕೆಲಸವೆಂಬುದು ಕಡತಗಳಲ್ಲಷ್ಟೇ ಇರುವುದಿಲ್ಲ. ಹೊಸಬರು ಹಿರಿಯರ ಪಕ್ಕದಲ್ಲಿ ಕುಳಿತು, ಅವರು ಸಿಟ್ಟಾದ ಗ್ರಾಹಕನಿಗೆ ಹೇಗೆ ಉತ್ತರಿಸುತ್ತಾರೆಂದು ಕೇಳಿಸಿಕೊಂಡು ಕಲಿಯುತ್ತಾರೆ. ಚಹಾದ ಹೊತ್ತಿನ ಎರಡು ಮಾತು ಒಬ್ಬರ ಎದೆಯ ಭಾರವನ್ನು ಇಳಿಸುತ್ತದೆ. ಆ ನೆರವನ್ನು ಯಾವ ಯಂತ್ರವೂ ಪೂರ್ತಿಯಾಗಿ ಕೊಡಲಾರದು.

1084ರಲ್ಲಿ ಸಂತ ಬ್ರೂನೋ ಫ್ರಾನ್ಸಿನ ಬೆಟ್ಟಗಳ ನಡುವೆ ಆರಂಭಿಸಿದ ಕಾರ್ತೂಸಿಯನ್ ಮಠದ ಪರಂಪರೆಯು ಈ ಎರಡನ್ನೂ ಬಲ್ಲುದು. ಅಲ್ಲಿ ಪ್ರತಿ ಸನ್ಯಾಸಿಗೂ ತನ್ನದೇ ಪುಟ್ಟ ಮನೆ, ಕೈಗೆಲಸದ ಕೋಣೆ, ಚಿಕ್ಕ ತೋಟ. ಆದರೆ ಪ್ರಾರ್ಥನೆಗೆ ಎಲ್ಲರೂ ಒಂದೇ ಆಲಯಕ್ಕೆ ಬರುತ್ತಾರೆ. ವಾರಕ್ಕೊಮ್ಮೆ ಜೊತೆಯಾಗಿ ನಡೆಯುತ್ತ ಸಂಭಾಷಿಸುತ್ತಾರೆ. ಅತ್ಯಂತ ಮೌನಿಗಳೆನಿಸಿದವರೂ ಮಾತಿಗೆ ಸಮಯ ಮೀಸಲಿಟ್ಟಿದ್ದಾರೆ. ನಮ್ಮ ಹಿರಿಯರ ಮನೆಗಳೂ ಅಷ್ಟೇ. ದಾರಿಹೋಕನಿಗೂ ಕಟ್ಟೆ, ಬಂಧುಗಳಿಗೆ ಪಡಸಾಲೆ, ಬಾಣಂತಿಗೆ, ರೋಗಿಗೆ ಒಳಕೋಣೆ. ಯಾರಿಗೆ ಯಾವಾಗ ಏನು ಬೇಕೆಂಬುದನ್ನು ಅರಿತೇ ಅವರು ಗೋಡೆ ಎತ್ತಿದರು.

ಆದ್ದರಿಂದ ಕಚೇರಿ ಕಟ್ಟುವವರು ಮೊದಲು ಅಳೆಯಬೇಕಾದುದು ಚದರ ಅಡಿಗಳನ್ನಲ್ಲ, ಅಲ್ಲಿ ದುಡಿಯುವವರ ದಿನಚರಿಯನ್ನು. ಯಾರಿಗಾದರೂ ಬಳಸಲು ಬರುವ ಒಂದೆರಡು ಸಣ್ಣ ಕೋಣೆ, ಮಾತಿನ ಮೇಜಿನಿಂದ ದೂರದಲ್ಲಿ ಬರವಣಿಗೆಯ ಮೇಜು, ಸಂಕಟ ಹೇಳಿಕೊಳ್ಳಲು ಬಂದವರಿಗೆ ಒಂದು ಮರೆ: ಇವಕ್ಕೆ ತಗಲುವ ಖರ್ಚು ಅಲ್ಪ, ಬೇಕಾದ ಗೌರವ ಬಹಳ. ನಮ್ಮ ಮನೆಗಳಲ್ಲಿಯೂ ಟಿ.ವಿ.ಯ ಸದ್ದಿನ ನಡುವೆ ಓದಲು ಹೆಣಗುವ ಮಗುವಿಗೆ, ದಿನವಿಡೀ ಒಂಟಿಯಾಗಿ ಕುಳಿತ ಅಜ್ಜಿಗೆ ಸಲ್ಲಬೇಕಾದುದು ಇದೇ ಗೌರವ. ಒಬ್ಬರಿಗೆ ಮೌನ, ಇನ್ನೊಬ್ಬರಿಗೆ ಜೊತೆ. ಯಾರಿಗೆ ಯಾವುದು ಬೇಕೆಂದು ಕೇಳಿ ತಿಳಿಯುವುದೇ ನೆರೆಯವರ ಪ್ರೀತಿಯ ಮೊದಲ ಹೆಜ್ಜೆ.